ಪಡವಲಕ್ಕೆ ನೈಟ್ ಶಿಫ್ಟ್

ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ! ನಿಮ್ಮ ಟೆರೇಸಿನ ಪಡವಲದ ಕಥೆಯೂ ಇದೇ ಆಗಿದ್ದರೆ ಒಂದು ಸಲ ಊಟ ಮುಗಿಸಿ, ಟಾರ್ಚ್ ಹಿಡಿದು ಮೇಲೆ ಹತ್ತಿ ನೋಡಿ.

ಹೋದ ವರ್ಷ ಜುಲೈ ಕೊನೆಯಲ್ಲಿ ನಮ್ಮ ಟೆರೇಸಿನ ಪಡವಲ ಬಳ್ಳಿಯನ್ನು ಕಿತ್ತು ಹಾಕೋಣ ಅಂತ ಕತ್ತರಿ ಹಿಡಿದೇ ಮೇಲೆ ಹತ್ತಿದ್ದೆ. ಮೂರು ವಾರದಿಂದ ಹೂವು ಬಿಡ್ತಾನೇ ಇತ್ತು. ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡಿದರೆ ಬಾಡಿದ ಬಿಳಿ ಹೂಗಳು ನೆಲದ ಮೇಲೆ ಬಿದ್ದಿರುತ್ತಿದ್ದವು. ಕಾಯಿ ಸೊನ್ನೆ. ಕೆಳಗಿನ ಮನೆಯ ಓನರ್ ಆಂಟಿ ಬೇರೆ, ‘ಏನಮ್ಮಾ, ಬರೀ ಸೊಳ್ಳೆ ಸಾಕ್ತಾ ಇದ್ದೀಯಾ? ನಾಳೆ ಟೆರೇಸು ಸೋರಿದ್ರೆ ಯಾರು ನೋಡ್ಕೋತಾರೆ? ಮುಂದಿನ ತಿಂಗಳೊಳಗೆ ಖಾಲಿ ಮಾಡ್ಬಿಡು’ ಅಂತ ಹೇಳಿ ಹೋಗಿದ್ದರು.

ಬೇರೆ ಯಾವ ಗಿಡ ಆಗಿದ್ದರೂ ಅವತ್ತೇ ಕಿತ್ತು ಬಿಡ್ತಿದ್ದೆ. ಆದರೆ ಇದು ಅಪ್ಪನ ಬೀಜ.

ನಮ್ಮೂರು ತೀರ್ಥಹಳ್ಳಿ ಹತ್ತಿರ. ಬಚ್ಚಲಮನೆಯ ನೀರು ಹರಿದು ಹೋಗುವ ಕಡೆ ಅಪ್ಪ ಪ್ರತಿ ವರ್ಷ ಒಂದು ಚಪ್ಪರ ಹಾಕಿ ಪಡವಲ ಹಬ್ಬಿಸುತ್ತಿದ್ದರು. ಬಿಳಿ ಮೈ, ಮೇಲೆ ತೆಳು ಹಸಿರು ಗೀರು, ಏನಿಲ್ಲವೆಂದರೂ ಮೂರೂವರೆ ಅಡಿ ಉದ್ದ. ಪ್ರತಿ ಸಲ ಒಂದು ಒಳ್ಳೆ ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟುತ್ತಿದ್ದರು. ‘ಇದು ಬೀಜಕ್ಕೆ, ಯಾರೂ ಮುಟ್ಟಬೇಡಿ’ ಅಂತ ಅರ್ಥ. ಎರಡು ವರ್ಷದ ಹಿಂದೆ ಅಪ್ಪ ಹೋದರು. ಅಮ್ಮ ಶಿವಮೊಗ್ಗಕ್ಕೆ ಅಣ್ಣನ ಮನೆಗೆ ಬಂದಳು. ಊರಿನ ಮನೆಗೆ ಬೀಗ ಹಾಕುವ ದಿನ ಅಟ್ಟದ ಮೇಲೆ ಒಂದು ಹಳೆ ಡಬ್ಬಿ ಸಿಕ್ಕಿತು. ಒಳಗೆ ಬೂದಿ, ಬೂದಿಯೊಳಗೆ ಏಳು ಪಡವಲ ಬೀಜ.

ಆ ತಳಿಯದ್ದು ಅಂತ ನಮ್ಮಲ್ಲಿ ಉಳಿದಿದ್ದು ಅಷ್ಟೇ. ಏಳರಲ್ಲಿ ಮೂರು ಮೊಳೆತವು. ಒಂದನ್ನು ಬಸವನಹುಳ ತಿಂದಿತು. ಉಳಿದ ಎರಡೇ ಈ ಬಳ್ಳಿಗಳು. ಇವೂ ಕಾಯಿ ಬಿಡದೆ ಒಣಗಿದರೆ ಅಪ್ಪನ ಪಡವಲ ಅಲ್ಲಿಗೆ ಮುಗೀತು.

ಕತ್ತರಿ ಕೆಳಗಿಟ್ಟು ಅಮ್ಮನಿಗೆ ಫೋನ್ ಮಾಡಿದೆ.

‘ಹೂವು ಯಾವಾಗ ನೋಡ್ತೀಯ?’ ಅಂದಳು.

‘ಬೆಳಗ್ಗೆ. ಆಫೀಸಿಗೆ ಹೋಗೋ ಮುಂಚೆ.’

‘ಅಯ್ಯೋ ಮಾರಾಯ್ತಿ, ಅದು ಕತ್ತಲಾದ ಮೇಲೆ ಅರಳೋ ಹೂವು. ಬೆಳಗ್ಗೆ ಹೋದ್ರೆ ಬಾಡಿದ್ದೇ ಕಾಣ್ತದೆ. ರಾತ್ರಿ ಪತಂಗ ಬರ್ತಾವಾ ನೋಡು. ಬರದಿದ್ರೆ ನೀನೇ ಮುಟ್ಟಿಸ್ಬೇಕು. ವೆನಿಲಾಗೆ ಮಾಡ್ತಿದ್ವಲ್ಲ, ಮರ್ತೋಯ್ತಾ?’

ವೆನಿಲಾ! 2003ರ ಸುಮಾರಿಗೆ ಮಲೆನಾಡು, ಕರಾವಳಿ ಕಡೆಯವರಿಗೆ ಅದರ ಹುಚ್ಚು ಹಿಡಿದಿದ್ದು ನೆನಪಿರಬಹುದು. ರೇಟು ಆಕಾಶಕ್ಕೆ ಹೋಗಿತ್ತು, ಆಮೇಲೆ ಅಷ್ಟೇ ಬೇಗ ಪಾತಾಳಕ್ಕೂ ಇಳಿಯಿತು. ಮೆಕ್ಸಿಕೋ ಕಡೆಯ ಆ ಬಳ್ಳಿಯ ಹೂವಿಗೆ ಪರಾಗ ಮುಟ್ಟಿಸುವ ಕೀಟ ನಮ್ಮಲ್ಲಿ ಇಲ್ಲ. ಹಾಗಾಗಿ ಒಂದೊಂದು ಹೂವಿಗೂ ಬೆಳಗಿನ ಹೊತ್ತು ಮನುಷ್ಯರೇ ಕಡ್ಡಿ ಹಿಡಿದು ಆ ಕೆಲಸ ಮಾಡಬೇಕಿತ್ತು. ನಮ್ಮ ತೋಟದಲ್ಲಿ ಆ ಕೆಲಸ ಅಮ್ಮನದ್ದು. ಪಡವಲಕ್ಕೂ ಅದನ್ನೇ ಮಾಡು ಅಂತಿದ್ದಾಳೆ. ಡ್ಯೂಟಿ ಟೈಮ್ ಮಾತ್ರ ಬೇರೆ, ಬೆಳಗಿನ ಬದಲು ರಾತ್ರಿ.

ರಾತ್ರಿ ಅರಳುವ ಹೂವಿನ ಗುಟ್ಟು

ಅವತ್ತೇ ಸಂಜೆ ಏಳೂಕಾಲಿಗೆ ಟಾರ್ಚ್ ಹಿಡಿದು ಹತ್ತಿದೆ. ಮೂರು ವಾರದಿಂದ ಹೂವು ಬಿಡುತ್ತಿದ್ದ ಬಳ್ಳಿಯ ಹೂವನ್ನು ನಾನು ನಿಜವಾಗಿ ನೋಡಿದ್ದು ಅವತ್ತೇ. ಐದು ಬಿಳಿ ಎಸಳು, ಒಂದೊಂದು ಎಸಳಿನ ಅಂಚಿನಿಂದಲೂ ನೂಲು ಬಿಚ್ಚಿದ ಹಾಗೆ ಸಣ್ಣ ಎಳೆಗಳು. ಅಜ್ಜಿಯ ಕಾಲದ ಕ್ರೋಶಾ ಕಸೂತಿಯ ಥರ. ಹತ್ತಿರ ಹೋದರೆ ಮೆಲ್ಲಗೆ ಪರಿಮಳ.

ಪಡವಲದ ಸಸ್ಯಶಾಸ್ತ್ರೀಯ ಹೆಸರು ಟ್ರೈಕೊಸ್ಯಾಂತಸ್ ಕುಕುಮೆರಿನಾ. ಮೊದಲ ಪದ ಗ್ರೀಕ್ ಮೂಲದ್ದು: ಕೂದಲು ಮತ್ತು ಹೂವು ಅನ್ನುವ ಎರಡು ಮಾತು ಸೇರಿ ಆಗಿದೆ. ಕೂದಲಿನಂಥ ಎಳೆಗಳಿರುವ ಹೂವು ಅಂತ. ನಾವು ತರಕಾರಿಯಾಗಿ ಬೆಳೆಯುವ ಬಗೆಗೆ ಆಂಗ್ವಿನಾ ಅನ್ನುವ ಇನ್ನೊಂದು ಹೆಸರು ಸೇರಿಸುತ್ತಾರೆ, ಅದಕ್ಕೆ ಲ್ಯಾಟಿನ್‌ನಲ್ಲಿ ಹಾವಿನಂಥದ್ದು ಅಂತ ಅರ್ಥ. ನಮ್ಮ ಭಾಷೆಗಳಲ್ಲಿ ಹಾವಿನ ಸುದ್ದಿ ಇಲ್ಲ. ಕನ್ನಡದ ಪಡವಲ, ಮರಾಠಿಯಲ್ಲಿ ಪಡವಳ, ಮಲಯಾಳದಲ್ಲಿ ಪಡವಲಂ, ತಮಿಳಿನಲ್ಲಿ ಪುಡಲಂಗಾಯ್, ತೆಲುಗಿನಲ್ಲಿ ಪೊಟ್ಲಕಾಯ. ಹಿಂದಿಯವರು ಚಿಚಿಂಡಾ ಅಂತಾರೆ. ನಾರ್ತ್ ಇಂಡಿಯನ್ ಊಟದಲ್ಲಿ ಸಿಗುವ ‘ಪರ್ವಲ್’ ಇದೇ ಕುಲದ ಇನ್ನೊಂದು ಕಾಯಿ, ಗಿಡ್ಡ, ತೊಂಡೆಕಾಯಿಯ ಅಣ್ಣನ ಹಾಗೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಪಡವಲದ ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಇರುತ್ತದೆ, ಹೆಣ್ಣು ಹೂವೂ ಇರುತ್ತದೆ. ಮೊದಲು ಬರುವುದು ಗಂಡು ಹೂವುಗಳು. ಉದ್ದ ಕಡ್ಡಿಯ ತುದಿಯಲ್ಲಿ ಗೊಂಚಲಾಗಿ ಬಂದು, ದಿನಕ್ಕೆ ಒಂದೋ ಎರಡೋ ಅರಳಿ ಉದುರುತ್ತವೆ. ಇದನ್ನು ನೋಡಿ ಗಾಬರಿ ಆಗುವವರೇ ಜಾಸ್ತಿ. ಒಂದೆರಡು ವಾರ ಕಾದರೆ ಹೆಣ್ಣು ಹೂವು ಶುರುವಾಗುತ್ತದೆ. ಅದು ಒಂಟಿಯಾಗಿ ಬರುತ್ತದೆ, ಹೂವಿನ ಹಿಂದೆ ಬೆರಳುದ್ದದ ತೆಳ್ಳನೆ ಮರಿಕಾಯಿ ಇರುತ್ತದೆ. ಅದನ್ನು ನೋಡಿದರೆ ಗುರುತು ತಪ್ಪೋದಿಲ್ಲ. ಪರಾಗ ಮುಟ್ಟಿದರೆ ಎರಡು ಮೂರು ದಿನದಲ್ಲಿ ಆ ಮರಿಕಾಯಿ ದಪ್ಪಗಾಗುತ್ತದೆ. ಮುಟ್ಟದಿದ್ದರೆ ಹಳದಿಯಾಗಿ ಉದುರುತ್ತದೆ. ನಾನು ದಿನಾ ಬೆಳಗ್ಗೆ ಗುಡಿಸಿ ಹಾಕುತ್ತಿದ್ದುದರಲ್ಲಿ ಆ ಮರಿಕಾಯಿಗಳೂ ಇದ್ದವು. ನೋಡಿಯೂ ನೋಡಿರಲಿಲ್ಲ.

ಹಗಲಲ್ಲಿ ಓಡಾಡುವ ಜೇನುಹುಳ ಈ ಹೂವಿಗೆ ಅಷ್ಟಾಗಿ ಉಪಯೋಗಕ್ಕೆ ಬರೋದಿಲ್ಲ. ಸಂಜೆ ಅರಳುವ ಬಿಳಿ ಹೂವು, ಪರಿಮಳ ಎಲ್ಲವೂ ಕತ್ತಲಲ್ಲಿ ಹಾರುವ ಪತಂಗಗಳಿಗೆ ಕೊಡುವ ಕರೆ. ಊರಿನ ಚಪ್ಪರಕ್ಕೆ ಅವು ತಾವಾಗಿಯೇ ಬರುತ್ತಿದ್ದವು. ಅಪ್ಪನಿಗೆ ಏನೂ ಮಾಡಬೇಕಾಗಿ ಬರಲಿಲ್ಲ.

ಎಲ್‌ಇಡಿ ಬೆಳಕಿನಲ್ಲಿ ಪತಂಗ ಎಲ್ಲಿಂದ ಬರಬೇಕು?

ನಮ್ಮ ಟೆರೇಸಿನ ಮೂಲೆಯಲ್ಲಿ ನೀರಿನ ಟ್ಯಾಂಕ್ ಪಕ್ಕ ಒಂದು ದೊಡ್ಡ ಎಲ್‌ಇಡಿ ದೀಪ ಇದೆ. ಕಳ್ಳರ ಭಯಕ್ಕೆ ಹಾಕಿಸಿದ್ದು. ಸಂಜೆ ಆರಕ್ಕೆ ಹತ್ತಿದರೆ ಬೆಳಗ್ಗೆ ಆರಕ್ಕೇ ಆರೋದು. ಅದರ ನೇರ ಕೆಳಗೇ ನನ್ನ ಬಳ್ಳಿ.

2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರ ಒಂದು ಅಧ್ಯಯನ ಬಂದಿತ್ತು. ಅವರು ಕತ್ತಲಿರುವ ಹುಲ್ಲುಗಾವಲುಗಳಲ್ಲಿ ಕೆಲವಕ್ಕೆ ಬೀದಿದೀಪ ಹಾಕಿ, ಕೆಲವನ್ನು ಹಾಗೇ ಬಿಟ್ಟು ನೋಡಿದರು. ದೀಪ ಇದ್ದ ಕಡೆ ರಾತ್ರಿ ಹೂವಿಗೆ ಬರುವ ಕೀಟಗಳ ಭೇಟಿ 62 ಶೇಕಡಾ ಕಡಿಮೆ. ಅವರು ಗಮನವಿಟ್ಟ ಒಂದು ಗಿಡದಲ್ಲಿ ಕಾಯಿ ಕಟ್ಟುವುದು 13 ಶೇಕಡಾ ಇಳಿದಿತ್ತು. ಹಗಲಿನ ಕೀಟಗಳು ಎಷ್ಟೇ ಬಂದರೂ ಆ ನಷ್ಟ ತುಂಬಲಿಲ್ಲ. ಅದು ಅಲ್ಲಿಯ ಗಿಡ, ಅಲ್ಲಿಯ ಕೀಟ. ಆದರೂ ದೀಪದ ಕೆಳಗೆ ಪಡವಲ ಬೆಳೆಯುವ ನಮ್ಮಂಥವರು ಯೋಚನೆ ಮಾಡುವ ವಿಷಯ.

ಆಂಟಿ ಹತ್ತಿರ ಹೋಗಿ ಕೇಳಿದೆ, ‘ಆಂಟಿ, ಏಳರಿಂದ ಹತ್ತರ ತನಕ ಆ ಲೈಟು ಆಫ್ ಮಾಡ್ಲಾ? ನಾನೇ ಆಮೇಲೆ ಹಾಕ್ತೀನಿ.’ ಮುಖ ಗಂಟು ಹಾಕಿಕೊಂಡು, ‘ಕರೆಂಟ್ ಬಿಲ್ ಉಳಿಯುತ್ತೆ ಅಂದ್ರೆ ಮಾಡ್ಕೋ’ ಅಂದರು. ಒಂದು ವಾರ ಕಾದ ಮೇಲೆ ಒಂದೇ ಒಂದು ಪತಂಗ ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಂತಿದ್ದು ಕಂಡೆ. ಅದನ್ನು ನಂಬಿ ಕೂರುವಷ್ಟು ಟೈಮ್ ನನಗಿರಲಿಲ್ಲ. ಕೈಯಲ್ಲೇ ಶುರು ಮಾಡಿದೆ.

ಕೈಯಲ್ಲಿ ಪರಾಗ ಮುಟ್ಟಿಸೋದು ಹೇಗೆ?

ಎರಡು ನಿಮಿಷದ ಕೆಲಸ.

1. ಸಂಜೆ ಏಳರಿಂದ ಒಂಬತ್ತರ ಒಳಗೆ, ಹೂವು ಪೂರ್ತಿ ಅರಳಿದ ಮೇಲೆ ಹೋಗಿ. ಆಫೀಸಿಂದ ಬರೋದು ತಡವಾದರೆ ಬೆಳಗ್ಗೆ ಬೆಳಕು ಹರಿಯುವ ಮುಂಚೆ, ಹೂವು ಇನ್ನೂ ಬಾಡಿರದಿದ್ದರೆ ಪ್ರಯತ್ನಿಸಬಹುದು. ಸಂಜೆಯೇ ಒಳ್ಳೆಯದು.

2. ಅವತ್ತೇ ಅರಳಿದ ಒಂದು ಗಂಡು ಹೂವನ್ನು ತೊಟ್ಟು ಸಮೇತ ಕಿತ್ತುಕೊಳ್ಳಿ. ಎಸಳುಗಳನ್ನು ಹಿಂದಕ್ಕೆ ಮಡಚಿ ಅಥವಾ ಕಿತ್ತು ಹಾಕಿ. ನಡುವೆ ಪುಡಿ ಮೆತ್ತಿದ ಕೇಸರ ಕಾಣುತ್ತದೆ. ಬೆರಳಿಗೆ ಮುಟ್ಟಿಸಿದರೆ ಪುಡಿ ಅಂಟಬೇಕು.

3. ಅದನ್ನು ಹೆಣ್ಣು ಹೂವಿನ ನಡುವಿನ ಭಾಗಕ್ಕೆ ಮೆಲ್ಲಗೆ ನಾಲ್ಕೈದು ಸಲ ಸವರಿ. ಒತ್ತಬೇಡಿ. ಒಂದು ಗಂಡು ಹೂವಿನಿಂದ ಎರಡು ಹೆಣ್ಣು ಹೂವಿಗೆ ಮುಟ್ಟಿಸಬಹುದು.

4. ತೊಟ್ಟಿಗೆ ಒಂದು ದಾರ ಕಟ್ಟಿ. ಯಾವುದು ಆಯ್ತು, ಯಾವುದು ಬಿಟ್ಟಿತು ಅಂತ ಗೊತ್ತಾಗುತ್ತದೆ.

5. ಜೋರು ಮಳೆ ಬರುವ ಹಾಗಿದ್ದರೆ ಹೂವಿನ ಮೇಲೆ ಕಾಗದದ ಕೊಟ್ಟೆ ಮುಚ್ಚಿ.

ಮೊದಲ ರಾತ್ರಿ ನಾನು ಮೂರು ಹೂವಿಗೆ ಮಾಡಿದೆ. ಎರಡು ಉದುರಿದವು. ಒಂದು ಮರಿಕಾಯಿ ನಾಲ್ಕನೇ ದಿನ ಪೆನ್ಸಿಲ್ ದಪ್ಪ, ಹತ್ತನೇ ದಿನ ನನ್ನ ಮೊಣಕೈಯಷ್ಟು ಉದ್ದ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಸುಮ್ಮನೆ ನೋಡುತ್ತಾ ಕೂತಿದ್ದಳು. ಆಮೇಲೆ, ‘ಗೀರು ಅದೇ ಇದೆ’ ಅಂದಳು.

ಶುರು ಮಾಡುವವರಿಗೆ

*ಯಾವಾಗ?* ನಮ್ಮ ಕಡೆ ಜೂನ್–ಜುಲೈ ಒಂದು ಹಂಗಾಮು, ಜನವರಿ–ಫೆಬ್ರವರಿ ಇನ್ನೊಂದು. ಮಳೆ ಜೋರಾಗಿರುವ ಮಲೆನಾಡಿನಲ್ಲಿ ಮೇ ಕೊನೆಗೇ ಬೀಜ ಹಾಕಿ, ಮಳೆ ಹಿಡಿಯುವಷ್ಟರಲ್ಲಿ ಬಳ್ಳಿ ಚಪ್ಪರಕ್ಕೆ ಹತ್ತುವ ಹಾಗೆ ನೋಡಿಕೊಳ್ಳುತ್ತಾರೆ.

*ಬೀಜ.* ಸಿಪ್ಪೆ ತುಂಬಾ ಗಟ್ಟಿ. ಒಂದು ರಾತ್ರಿ ಪೂರ್ತಿ ನೀರಿನಲ್ಲಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಾಯಿ ಬಿಟ್ಟ ಮೇಲೆ ಮಣ್ಣಿಗೆ ಹಾಕಿ. ಬೆರಳಿನ ಒಂದು ಗೆಣ್ಣಿನಷ್ಟು ಆಳ ಸಾಕು. ವಾರದಿಂದ ಎರಡು ವಾರ ಹಿಡಿಯುತ್ತದೆ, ತಾಳ್ಮೆ ಇರಲಿ. ಹಳೆ ಬೀಜ ಎಲ್ಲವೂ ಮೊಳೆಯೋದಿಲ್ಲ.

*ಕುಂಡ.* ಸಣ್ಣ ಪಾಟ್‌ನಲ್ಲಿ ಆಗೋ ಕೆಲಸ ಅಲ್ಲ. ಬೇರಿಗೆ ಜಾಗ ಬೇಕು. 25 ಲೀಟರಿನ ಗ್ರೋಬ್ಯಾಗ್ ಅಥವಾ ತೂತು ಮಾಡಿದ ಹಳೆ ಬಕೆಟ್‌ಗೆ ಒಂದೇ ಬಳ್ಳಿ. ಮಣ್ಣು, ಚೆನ್ನಾಗಿ ಕೊಳೆತ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ. ಒಂದು ಹಿಡಿ ಬೇವಿನ ಹಿಂಡಿ. ಗ್ರೋಬ್ಯಾಗ್ ಕೆಳಗೆ ಇಟ್ಟಿಗೆ ಇಡಿ, ನೀರು ನಿಲ್ಲಬಾರದು. ಓನರ್ ಜೊತೆ ಜಗಳ ಬೇಡ ಅನ್ನುವವರು ಒಂದು ಟ್ರೇ ಕೂಡ ಇಟ್ಟು, ತುಂಬಿದ ನೀರನ್ನು ದಿನಾ ಚೆಲ್ಲಿ. ಸೊಳ್ಳೆಯ ಮಾತು ಅಲ್ಲಿಗೆ ನಿಲ್ಲುತ್ತದೆ.

*ಚಪ್ಪರ.* ಕಾಯಿ ನೇರ ಇಳಿಯಬೇಕಾದರೆ ಕೆಳಗೆ ಖಾಲಿ ಜಾಗ ಬೇಕು. ತಲೆಗಿಂತ ಸ್ವಲ್ಪ ಎತ್ತರದಲ್ಲಿ ನಾಲ್ಕು ಪೈಪು, ಮೇಲೆ ನೈಲಾನ್ ಬಲೆ. ಬಟ್ಟೆ ಒಣಹಾಕುವ ತಂತಿಯಿಂದಲೂ ಶುರು ಮಾಡಬಹುದು, ನಾನು ಮಾಡಿದ್ದೂ ಅದೇ. ಬಳ್ಳಿ ಚಪ್ಪರದ ಎತ್ತರಕ್ಕೆ ಬಂದ ಮೇಲೆ ತುದಿ ಚಿವುಟಿದರೆ ಪಕ್ಕದ ಕವಲು ಒಡೆದು ಹರಡುತ್ತದೆ.

*ಗೊಬ್ಬರ.* ಹದಿನೈದು ದಿನಕ್ಕೊಮ್ಮೆ ಸಗಣಿ ನೀರು ಅಥವಾ ಕಾಂಪೋಸ್ಟ್. ಯೂರಿಯಾದಂಥ ಸಾರಜನಕದ ಗೊಬ್ಬರ ಜಾಸ್ತಿಯಾದರೆ ಎಲೆ ಸೊಂಪಾಗಿ ಬಂದು ಕಾಯಿ ಹಿಂದೆ ಬೀಳುತ್ತದೆ.

*ತಳಿ.* ಟೆರೇಸಿಗೆ ಗಿಡ್ಡ ಕಾಯಿಯ ತಳಿ ಸುಲಭ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ‘ಕೊ 2’, ಕೇರಳ ಕೃಷಿ ವಿಶ್ವವಿದ್ಯಾಲಯದ ‘ಬೇಬಿ’ ಈ ಥರದವು, ಸುಮಾರು ಒಂದಡಿಯ ಕಾಯಿ. ಉದ್ದವೇ ಬೇಕು ಅಂದರೆ ಕೇರಳದ್ದೇ ‘ಕೌಮುದಿ’ ಇದೆ, ಬಿಳಿ ಕಾಯಿ.

ಬೀಜ ಹಾಕಿ ಒಂದೂವರೆ ತಿಂಗಳಿಗೆ ಹೂವು, ಎರಡು ಎರಡೂವರೆ ತಿಂಗಳಿಗೆ ಮೊದಲ ಕಾಯಿ ಅಂತ ಲೆಕ್ಕ ಇಟ್ಟುಕೊಳ್ಳಿ.

ಕಲ್ಲು ಕಟ್ಟುವುದು ಯಾಕೆ?

ಪಡವಲದ ತುದಿಗೆ ದಾರದಲ್ಲಿ ಕಲ್ಲು ಕಟ್ಟಿರುವುದನ್ನು ಊರಲ್ಲಿ ನೋಡಿರ್ತೀರಿ. ಉದ್ದ ತಳಿಯ ಕಾಯಿಗೆ ಸುರುಳಿ ಸುತ್ತುವ ಸ್ವಭಾವ ಇದೆ. ಕಡ್ಡಿಗೋ ಬಲೆಗೋ ತಾಗಿದರಂತೂ ಜಿಲೇಬಿ ಆಗುತ್ತದೆ. ರುಚಿಗೆ ತೊಂದರೆ ಇಲ್ಲ, ಹೆಚ್ಚುವುದು ಮಾತ್ರ ಕಷ್ಟ. ಕಾಯಿ ಅರ್ಧ ಅಡಿ ಆದಾಗ ನಿಂಬೆಹಣ್ಣಿನ ಗಾತ್ರದ ಕಲ್ಲನ್ನು ಬಾಳೆನಾರಿನಲ್ಲೋ ದಾರದಲ್ಲೋ ತುದಿಗೆ ಸಡಿಲವಾಗಿ ಕಟ್ಟಿದರೆ ಆ ಭಾರಕ್ಕೆ ನೇರ ಇಳಿಯುತ್ತದೆ. ಭಾರ ಜಾಸ್ತಿಯಾದರೆ ಕಾಯಿಯೇ ಕಿತ್ತು ಬೀಳುತ್ತದೆ, ಎಚ್ಚರ. ಗಿಡ್ಡ ತಳಿಗೆ ಈ ತಲೆನೋವಿಲ್ಲ.

ಕೊಯ್ಯೋದು ಎಳೆಯದಿರುವಾಗಲೇ. ಉಗುರು ಊರಿದರೆ ಸುಲಭವಾಗಿ ಇಳಿಯಬೇಕು. ಇನ್ನೂ ಉದ್ದ ಆಗಲಿ ಅಂತ ಕಾದರೆ ಒಳಗೆ ನಾರು, ಬೀಜ ಬಲಿಯುತ್ತದೆ. ಬೇಗ ಬೇಗ ಕೊಯ್ದಷ್ಟೂ ಬಳ್ಳಿ ಹೊಸ ಹೂವು ಬಿಡುತ್ತದೆ.

ಹುಳದ ಕಾಟ

ಪಡವಲದ ದೊಡ್ಡ ಶತ್ರು ಹಣ್ಣುನೊಣ. ಎಳೆ ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಚುಚ್ಚಿದ ಕಡೆ ಅಂಟು ಸೋರಿ, ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ. ಸುಲಭ ಉಪಾಯ ಅಂದರೆ ಪರಾಗ ಮುಟ್ಟಿದ ಎರಡು ಮೂರು ದಿನದ ಮೇಲೆ ಕಾಯಿಗೆ ನ್ಯೂಸ್‌ಪೇಪರಿನ ಅಥವಾ ಹಳೆ ಬಟ್ಟೆಯ ಉದ್ದ ಚೀಲ ಹಾಕುವುದು. ಹಾಳಾದ ಕಾಯಿಯನ್ನು ಗಿಡದ ಬುಡಕ್ಕೇ ಎಸೆಯಬೇಡಿ, ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿಲಿಗಿಟ್ಟು ಆಮೇಲೆ ಬಿಸಾಡಿ.

ಎಲೆಯ ಅಂಚನ್ನು ಕತ್ತರಿಸಿ ಮಡಚಿಕೊಂಡು ಒಳಗೆ ಕೂರುವ ಹಸಿರು ಹುಳ ಇನ್ನೊಂದು. ಮಡಚಿದ ಎಲೆ ಬಿಚ್ಚಿ, ಹುಳ ಹೆಕ್ಕಿ ತೆಗೆದರೆ ಟೆರೇಸಿನ ಮಟ್ಟಿಗೆ ಸಾಕು. ತೀರಾ ಜಾಸ್ತಿಯಾದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು. ಅದನ್ನು ಬೆಳಗ್ಗೆಯೇ ಸಿಂಪಡಿಸಿ. ಸಂಜೆ ಅರಳಿದ ಹೂವಿಗೆ ಹೊಡೆದರೆ ಅಪರೂಪಕ್ಕೆ ಬರುವ ಪತಂಗವನ್ನೂ ಓಡಿಸಿದ ಹಾಗೆ. ಎಲೆಯ ಮೇಲೆ ಬಿಳಿ ಬೂದಿ ಕಂಡರೆ ಆ ಎಲೆಗಳನ್ನು ಕಿತ್ತು ಗಾಳಿ ಆಡುವ ಹಾಗೆ ಮಾಡಿ.

ಅಡುಗೆಮನೆಗೆ ಬಂದ ಮೇಲೆ

‘ಪಡವಲಕಾಯಾ? ಒಂಥರಾ ವಾಸನೆ’ ಅಂತ ಮೂಗು ಮುರಿಯುವವರು ನಮ್ಮ ಆಫೀಸಲ್ಲೂ ಇದ್ದಾರೆ. ಹಸಿ ಕಾಯಿಗೆ ವಾಸನೆ ಇರೋದು ನಿಜ. ಸಿಪ್ಪೆಯ ಮೇಲಿನ ಬಿಳಿ ಮೇಣದಂಥ ಪದರವನ್ನು ಚಾಕುವಿನ ಬೆನ್ನಿನಿಂದ ಹೆರೆದು, ಹೆಚ್ಚಿದ ಮೇಲೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿದರೆ ಬಹುಪಾಲು ಹೋಗುತ್ತದೆ. ಒಗ್ಗರಣೆಗೆ ಬಿದ್ದ ಮೇಲೆ ಅದರ ನೆನಪೂ ಇರೋದಿಲ್ಲ.

ಇದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಹಾಗಾಗಿ ಬೇಯಿಸುವಾಗ ನೀರು ಸುರಿಯಬೇಡಿ, ಕುಕ್ಕರಿಗೆ ಹಾಕಲೇಬೇಡಿ. ಮೆತ್ತಗೆ ಮುದ್ದೆಯಾಗುತ್ತದೆ. ಇನ್ನೊಂದು ಮಾತು: ಹೆಚ್ಚುವಾಗ ತುದಿಯ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಸೋರೆ, ಸೌತೆ, ಪಡವಲ ಎಲ್ಲ ಒಂದೇ ಕುಟುಂಬ. ಈ ಕಾಯಿಗಳು ಅಸಹಜವಾಗಿ ಕಹಿಯಾದರೆ ಹೊಟ್ಟೆಗೆ ಒಳ್ಳೆಯದಲ್ಲ.

*ಹೆಸರುಬೇಳೆ ಪಲ್ಯ (ಆಫೀಸ್ ಡಬ್ಬಿಗೆ, 20 ನಿಮಿಷ)*
ಕಾಲು ಕಪ್ ಹೆಸರುಬೇಳೆಯನ್ನು ಸ್ನಾನಕ್ಕೆ ಹೋಗುವ ಮುಂಚೆ ನೆನೆಹಾಕಿ. ಬಾಣಲೆಗೆ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು, ಚಿಟಿಕೆ ಇಂಗು, ಅರಿಶಿನ. ನೆನೆದ ಬೇಳೆ, ಎರಡು ಕಪ್ ಸಣ್ಣಗೆ ಹೆಚ್ಚಿದ ಪಡವಲ, ಉಪ್ಪು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕುವಂತಿರಬೇಕು, ಕರಗಬಾರದು. ಇಳಿಸುವಾಗ ಕಾಯಿತುರಿ, ನಿಂಬೆರಸ. ಚಪಾತಿಗೂ ಆಯ್ತು, ಅನ್ನಕ್ಕೂ ಆಯ್ತು.

*ಮಜ್ಜಿಗೆ ಹುಳಿ (ಭಾನುವಾರಕ್ಕೆ)*
ಎರಡು ಕಪ್ ಹೋಳನ್ನು ಉಪ್ಪು, ಅರಿಶಿನ ಹಾಕಿ ಸ್ವಲ್ಪವೇ ನೀರಲ್ಲಿ ಬೇಯಿಸಿ. ಅರ್ಧ ಕಪ್ ಕಾಯಿತುರಿ, ನೆನೆಸಿದ ಒಂದು ದೊಡ್ಡ ಚಮಚ ಕಡಲೆಬೇಳೆ, ಮೂರು ಹಸಿಮೆಣಸು, ಅರ್ಧ ಚಮಚ ಜೀರಿಗೆ, ಸಣ್ಣ ಚೂರು ಶುಂಠಿ ನುಣ್ಣಗೆ ರುಬ್ಬಿ ಸೇರಿಸಿ ಒಂದು ಕುದಿ ಬರಿಸಿ. ಉರಿ ಇಳಿಸಿ, ಕಡೆದ ಹುಳಿ ಮೊಸರು ಒಂದೂವರೆ ಕಪ್ ಹಾಕಿ. ಆಮೇಲೆ ಕುದಿಸಬೇಡಿ, ಒಡೆಯುತ್ತದೆ. ಅಂಚಲ್ಲಿ ನೊರೆ ಏಳುವಾಗಲೇ ಇಳಿಸಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ.

*ತಿರುಳಿನ ಚಟ್ನಿ (ಬಿಸಾಡುವುದರಿಂದ)*
ಕಾಯಿ ಹೆಚ್ಚುವಾಗ ತೆಗೆದ ಎಳೆ ತಿರುಳು, ಬೀಜ ಒಂದು ಕಪ್. ಒಂದು ಚಮಚ ಎಣ್ಣೆಯಲ್ಲಿ ಎರಡು ಚಮಚ ಉದ್ದಿನಬೇಳೆ, ಮೂರು ಒಣಮೆಣಸು ಕೆಂಪಗೆ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ತಿರುಳನ್ನು ನೀರು ಆರುವ ತನಕ ಬಾಡಿಸಿ. ಕಾಯಿತುರಿ, ಚೂರು ಹುಣಸೆ, ಉಪ್ಪು ಸೇರಿಸಿ ತರಿತರಿ ರುಬ್ಬಿ. ಬಿಸಿ ಅನ್ನ, ಒಂದು ಚಮಚ ತುಪ್ಪ. ಮೂಗು ಮುರಿಯುವವರಿಗೆ ಮೊದಲು ಇದನ್ನೇ ಬಡಿಸಿ, ಹೆಸರು ಆಮೇಲೆ ಹೇಳಿ.

ಮಳೆ ಬರುವ ಸಂಜೆ ಇದ್ದೇ ಇದೆ: ಬಳೆಯ ಹಾಗೆ ದುಂಡಗೆ ಹೆಚ್ಚಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ.

ಅಂಗಡಿಯಿಂದ ತರುವುದಾದರೆ ತೆಳ್ಳಗೆ, ಗಟ್ಟಿಯಾಗಿರುವುದನ್ನು ಆರಿಸಿ. ಬಗ್ಗಿಸಿದರೆ ರಬ್ಬರಿನ ಹಾಗೆ ಬಾಗುವುದು ಹಳತು. ಫ್ರಿಜ್ಜಿಗೆ ಹಿಡಿಯದಿದ್ದರೆ ತುಂಡು ಮಾಡಿ ಪೇಪರಿನಲ್ಲಿ ಸುತ್ತಿ ಇಡಿ, ಮೂರು ನಾಲ್ಕು ದಿನದೊಳಗೆ ಬಳಸಿ.

ಕೆಂಪು ದಾರ

ನನ್ನ ಬಳ್ಳಿಯಲ್ಲಿ ಹಿಡಿದ ಆ ಮೊದಲ ಕಾಯಿಯನ್ನು ತಿನ್ನಲೇ ಬೇಕು ಅಂತ ಎಷ್ಟು ಆಸೆಯಾಗಿತ್ತು ಅಂದರೆ, ಚಾಕು ಹಿಡಿದು ಎರಡು ಸಲ ಹತ್ತಿ ಇಳಿದೆ. ಆಮೇಲೆ ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಎರಡನೆಯದು ಬಂದರೆ ತಿನ್ನೋಣ, ಇದು ಬೀಜಕ್ಕೆ. ಆಗಸ್ಟ್ ಕಳೆಯುವಷ್ಟರಲ್ಲಿ ಇನ್ನೂ ಐದು ಹಿಡಿದವು. ಅದರಲ್ಲೊಂದನ್ನೂ ಬೀಜಕ್ಕೆ ಬಿಟ್ಟೆ. ಇನ್ನೊಂದನ್ನು ಆಂಟಿಗೆ ಕೊಟ್ಟೆ. ತಿಂಗಳ ಗಡುವಿನ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಬೀಜಕ್ಕೆ ಬಿಟ್ಟ ಕಾಯಿ ಬಳ್ಳಿಯಲ್ಲೇ ಹಣ್ಣಾಗಬೇಕು. ಬಿಳಿ ಹೋಗಿ ಕಿತ್ತಳೆ, ಆಮೇಲೆ ಕೆಂಪು. ತುದಿ ಮೆತ್ತಗಾದಾಗ ಕೊಯ್ದು ಸೀಳಿದರೆ ಒಳಗೆ ಟೊಮೆಟೊದಂಥ ಕೆಂಪು ತಿರುಳು. ಪಶ್ಚಿಮ ಆಫ್ರಿಕಾದ ಕೆಲವು ಕಡೆ ಈ ತಿರುಳನ್ನು ಟೊಮೆಟೊ ಬದಲಿಗೆ ಸಾರಿಗೆ ಬಳಸುತ್ತಾರಂತೆ. ಬೀಜಗಳನ್ನು ತೊಳೆದು, ನೆರಳಿನಲ್ಲಿ ವಾರ ಒಣಗಿಸಿ, ಬೂದಿಯಲ್ಲೋ ಕಾಗದದ ಪೊಟ್ಟಣದಲ್ಲೋ ತೇವ ತಾಗದ ಡಬ್ಬಿಯಲ್ಲಿ ಇಡಬೇಕು. ಮೇಲೆ ವರ್ಷ ಬರೆದಿಡಿ.

ಬೀಜ ಇಡುವ ಆಸೆ ಇರುವವರಿಗೆ ಎರಡು ಮಾತು. ಪ್ಯಾಕೆಟ್ಟಿನ ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಮುಂದಿನ ಸಲ ತಾಯಿಯ ಹಾಗೇ ಬರೋದಿಲ್ಲ, ನಾಟಿ ತಳಿಯನ್ನೇ ಹಿಡಿಯಿರಿ. ಮತ್ತೆ, ಅಕ್ಕಪಕ್ಕ ಬೇರೆ ಪಡವಲ ಇದ್ದರೆ ಪತಂಗ ಅದರ ಪರಾಗವನ್ನೂ ತರುತ್ತದೆ. ತಳಿ ಬೆರೆಯಬಾರದು ಅಂದರೆ ಅವತ್ತು ಸಂಜೆ ಅರಳುವ ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ ಮಧ್ಯಾಹ್ನವೇ ಕಾಗದದ ಕೊಟ್ಟೆ ಕಟ್ಟಿ, ರಾತ್ರಿ ಬಿಚ್ಚಿ, ನಿಮ್ಮದೇ ಬಳ್ಳಿಯ ಪರಾಗ ಮುಟ್ಟಿಸಿ ಮತ್ತೆ ಕಟ್ಟಬೇಕು. ನಗರದ ಟೆರೇಸಿನಲ್ಲಿ ಕೈಯಿಂದ ಪರಾಗ ಮುಟ್ಟಿಸಬೇಕಾದ ಕಷ್ಟ ಬೀಜ ಇಡುವಾಗ ಹೀಗೆ ಲಾಭಕ್ಕೂ ಬರುತ್ತದೆ.

ನನ್ನ ಎರಡು ಹಣ್ಣಿನಿಂದ 71 ಬೀಜ ಸಿಕ್ಕವು. ಅಪ್ಪ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದರು, ನಾನು ಆ ತಪ್ಪು ಮಾಡಲಿಲ್ಲ. ಇಪ್ಪತ್ತು ಅಮ್ಮನಿಗೆ ಪೋಸ್ಟ್ ಮಾಡಿದೆ. ಹತ್ತು ಹತ್ತರಂತೆ ಇಬ್ಬರು ಕಲೀಗ್ಸ್‌ಗೆ, ಹತ್ತು ಊರಿನ ಪಕ್ಕದ ಮನೆಯ ಅಕ್ಕನಿಗೆ. ಉಳಿದದ್ದು ನನ್ನ ಹತ್ತಿರ. ಒಬ್ಬರ ಬಳ್ಳಿ ಒಣಗಿದರೆ ಇನ್ನೊಬ್ಬರ ಹತ್ತಿರ ಇರುತ್ತದೆ.

ಈ ವರ್ಷ ಜೂನ್‌ನಲ್ಲಿ ಅಮ್ಮ ಶಿವಮೊಗ್ಗದ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾಲ್ಕು ಬೀಜ ಹಾಕಿದ್ದಾಳೆ. ಅಣ್ಣ ಪೈಪು ಕಟ್ಟಿ ಚಪ್ಪರ ಮಾಡಿಕೊಟ್ಟಿದ್ದಾನೆ. ಹೋದ ವಾರ ರಾತ್ರಿ ಒಂಬತ್ತಕ್ಕೆ ಅವಳ ಫೋನು. ಏನಾಯ್ತೋ ಅಂತ ಗಾಬರಿಯಿಂದ ಎತ್ತಿದರೆ, ‘ಹೂವು ಅರಳಿದೆ ಕಣೆ. ಇಲ್ಲಿ ಪತಂಗ ಬಂದಿದೆ, ನಾನು ಏನೂ ಮಾಡ್ಬೇಕಾಗಿಲ್ಲ. ಸುಮ್ನೆ ನೋಡ್ತಾ ಕೂತಿದೀನಿ’ ಅಂದಳು.

ಬೀದಿದೀಪ ಇಲ್ಲದ ಹಿತ್ತಲು. ಅದೃಷ್ಟವಂತರು.

ನಾನು ಮಾತ್ರ ಇವತ್ತೂ ಏಳೂವರೆಯ ಮೀಟಿಂಗ್ ಮುಗಿಸಿ ಮೇಲೆ ಹತ್ತಬೇಕು. ಎರಡು ಹೆಣ್ಣು ಹೂವು ಕಾಯ್ತಾ ಇವೆ.

*ನಿಮ್ಮ ಮನೆಯಲ್ಲೂ ಅಜ್ಜಿ, ಅಪ್ಪ, ಅಮ್ಮ ಕಾಪಾಡಿಕೊಂಡು ಬಂದ ತರಕಾರಿ ಬೀಜ ಇದೆಯಾ? ಡಬ್ಬಿ ತೆಗೆದು ನೋಡಿ. ಎಷ್ಟು ವರ್ಷದ್ದು, ಯಾರು ಕೊಟ್ಟಿದ್ದು, ಅದರಿಂದ ಏನು ಅಡುಗೆ ಮಾಡ್ತೀರಿ ಅಂತ ಓದುಗರ ಅಂಕಣಕ್ಕೆ ಬರೆದು ಕಳಿಸಿ.*